ಮೆಟ್ಟಿಲಿಲ್ಲದ ಬೆಟ್ಟ

ಮಾರ್ಚ್ ೧೪, ಶನಿವಾರ. ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ.

ನಿನ್ನೆ ನಮ್ಮ ಪಕ್ಕದ ಅಂಗಡಿಯ ಷಟರ್ ಮೂರು ತಿಂಗಳ ನಂತರ ಮತ್ತೆ ವ್ಯಾಪಾರಕ್ಕೆಂದು ಮೇಲಕ್ಕೆ ಹೋಯಿತು. ಅಲ್ಲಿಗೆ ಬಳೆ ಅಂಗಡಿ ಬಂದಿದೆ. ಹೊಸದಾಗಿ ಬಂದಿರುವ ಹೆಂಗಸು ಬಳೆಯ ಪೆಟ್ಟಿಗೆಗಳನ್ನು ಪುಟ್ಟ ತಳ್ಳುಗಾಡಿಯಲ್ಲಿ ಪೇರಿಸಿಕೊಂಡು, ಬಾಗಿಲ ಮುಂದಿನ ಸಿಮೆಂಟಿನ ಇಳಿಜಾರಿನ ಮೇಲೆ ಸಲೀಸಾಗಿ ಒಳಗೆ ತಳ್ಳಿಕೊಂಡು ಹೋದಳು. "ಯಾರೋ ಪುಣ್ಯಾತ್ಮರು ಒಳ್ಳೆ ಕೆಲ್ಸ ಮಾಡವ್ರೆ ಕಣಮ್ಮ," ಎಂದಳು. ನಾನು ಹೂಂ ಎಂದೆ. ಅಷ್ಟು ಹೇಳಿ ಸುಮ್ಮನಾಗುವುದು ಸರಿಯಲ್ಲ ಅನ್ನಿಸಿದ್ದರಿಂದ ಇದನ್ನು ಪತ್ರಿಕೆಗೆ ಬರೆಯುತ್ತಿದ್ದೇನೆ.

ಮಧುಗಿರಿಯಲ್ಲಿ ಕೋರ್ಟಿನ ಹಿಂದೆ ಒಂದು ಸಾಲು ಅಂಗಡಿಗಳಿವೆ. ಅದರಲ್ಲಿ ಒಂದು ನೋಟರಿ ಕಚೇರಿ. ನಾನು ಅಲ್ಲಿ ಟೈಪಿಸ್ಟ್. ಅದಕ್ಕೆ ಅಂಟಿಕೊಂಡಿದ್ದ ಅಂಗಡಿ ಆ ಪುಣ್ಯಾತ್ಮರದು: ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ. ನಾಲ್ಕು ವರ್ಷ ನಾವು ಒಂದೇ ಗೋಡೆಯ ಆಚೀಚೆ ಕೂತು ಕೆಲಸ ಮಾಡಿದೆವು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ದಿನಾ ಏನಾದರೊಂದು ಬರೆದಿಡುವ ನನ್ನ ಅಭ್ಯಾಸ ನೋಡಿ ಅವರು ನನಗೆ ಡೈರಿ ಮೇಡಂ ಎಂದು ಹೆಸರಿಟ್ಟಿದ್ದರು. "ಏನ್ ಡೈರಿ ಮೇಡಂ, ಇವತ್ತು ನಾನ್ ಎಷ್ಟ್ ಸತಿ ಸೀನ್ದೆ, ಬರ್ಕಂಡ್ರಾ?" ಎಂದು ಗೋಡೆಯಾಚೆಯಿಂದಲೇ ಕೂಗುತ್ತಿದ್ದರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಯಾರೋ ಅವರ ಬಗ್ಗೆ ಪೇಪರಿನಲ್ಲಿ ಬರೆಯುತ್ತೇವೆ ಎಂದು ಫೋಟೊ ತೆಗೆಯಲು ಬಂದಿದ್ದರು. ಬಂದವರಿಗೆ ಟೀ ಕೊಟ್ಟು ಅಣ್ಣ ವಾಪಸ್ ಕಳಿಸಿದರು. ಆಮೇಲೆ ನನಗೆ ಹೇಳಿದ್ದು ಇದು: "ನಮ್ಮಂಥೋರ ಹೆಸ್ರು ಪೇಪರಲ್ಲಿ ಬಂದ್ರೆ ಪಕ್ಕದಾಗೆ ಸಾಧಕ ಅಂತ ಹಾಕ್ಬುಡ್ತಾರೆ. ನಾನೇನಮ್ಮ ಸಾಧನೆ ಮಾಡಿದೀನಿ? ಜೆರಾಕ್ಸ್ ತೆಗ್ದಿದೀನಿ."

ನಮ್ಮಂಥವರು ಅಂದರೆ ಗಾಲಿಕುರ್ಚಿಯವರು. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಎರಡೂ ಕಾಲುಗಳ ಬಲ ಹೋಗಿತ್ತು. ಅಂಗಡಿಯೊಳಗೆ ಕುರ್ಚಿ, ಹೊರಗೆ ಮೂರು ಚಕ್ರದ ಸ್ಕೂಟರ್. ಊರು ಪಾವಗಡದ ಕಡೆ, ಮನೆಮಾತು ತೆಲುಗು. ಅಕ್ಕನನ್ನು ಕೊರಟಗೆರೆಗೆ ಕೊಟ್ಟಿದ್ದರು. ಇವರು ಮಾತ್ರ ಮಧುಗಿರಿಯಲ್ಲಿ ಅಂಗಡಿಯ ಹಿಂದಿನ ಕೋಣೆಯಲ್ಲೇ ಒಬ್ಬರೇ ಇದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಬಾಚಣಿಗೆ ಸದಾ ಇರುತ್ತಿತ್ತು. ಕೌಂಟರಿನ ಮೇಲೆ ಶಿರಾದ ಹುರಿದ ಕಡ್ಲೆಕಾಯಿ. ಅದರ ಸಿಪ್ಪೆ ಯಾರು ಎಲ್ಲಿ ಬೀಳಿಸಿದರೂ ಅವರ ಕಣ್ಣಿಗೆ ಬೀಳುತ್ತಿತ್ತು.

ಬಾಗಿಲ ಮುಂದಿನ ಇಳಿಜಾರನ್ನು ಅವರೇ ಹಾಕಿಸಿದ್ದು. ಸಾಲಿನ ಬೇರೆಲ್ಲ ಅಂಗಡಿಗಳಿಗೂ ಚರಂಡಿ ದಾಟಿ ಎರಡು ಮೆಟ್ಟಿಲು ಹತ್ತಬೇಕು. ಒಂದಡಿ ಏರಬೇಕಾದರೆ ಹನ್ನೆರಡಡಿ ಉದ್ದ ಬೇಕು ಎನ್ನುವುದು ಅವರ ಲೆಕ್ಕ. ಅಷ್ಟು ಜಾಗ ಅವರ ಬಾಗಿಲ ಮುಂದೆ ಇರಲಿಲ್ಲ. ಹಾಗಾಗಿ ಅದು ನಮ್ಮ ಕಚೇರಿಯ ಮುಂದಿನಿಂದಲೇ ಶುರುವಾಗುತ್ತದೆ. ನಮ್ಮ ನೋಟರಿ ಸಾಹೇಬರು ಮೊದಲು ಗೊಣಗಿದರಂತೆ. ಆಮೇಲೆ ಅವರ ಕಕ್ಷಿದಾರರಲ್ಲಿ ವಯಸ್ಸಾದವರೆಲ್ಲ ಅದರ ಮೇಲೇ ಹತ್ತಿ ಬರತೊಡಗಿದಾಗ ಸುಮ್ಮನಾದರು. ಗ್ಯಾಸ್ ಸಿಲಿಂಡರಿನವನು, ನೀರಿನ ಕ್ಯಾನಿನವನು, ಮೊಮ್ಮಗುವನ್ನು ಗಾಡಿಯಲ್ಲಿ ಕೂರಿಸಿಕೊಂಡು ಬರುತ್ತಿದ್ದ ಟೀಚರಮ್ಮ, ಎಲ್ಲರಿಗೂ ಅದೇ ದಾರಿಯಾಯಿತು. ಬೈಕ್ ನಿಲ್ಲಿಸುವವರಿಗೂ. ಆಗ ಮಾತ್ರ ಅವರು ಸ್ಕೂಟರಿನ ಹಾರನ್ ಒತ್ತಿ ಹಿಡಿದರೆ ಬೈಕಿನವನು ಓಡಿ ಬರುವ ತನಕ ಬಿಡುತ್ತಿರಲಿಲ್ಲ.

ಅವರಿಗೆ ಮೈಯೆಲ್ಲ ಉರಿಯುತ್ತಿದ್ದದ್ದು ಕೇಳದೆ ಕುರ್ಚಿ ತಳ್ಳುವವರನ್ನು ಕಂಡರೆ. ಹಿಂದಿನಿಂದ ಯಾರಾದರೂ ಕೈಹಾಕಿದರೆ ಬ್ರೇಕ್ ಹಿಡಿದು, ಕತ್ತು ತಿರುಗಿಸಿ, "ಯಾಕ್ಲಾ, ನಾನೇನ್ ತರಕಾರಿ ಗಾಡೀನಾ?" ಎಂದು ಕೇಳುತ್ತಿದ್ದರು. ಕೇಳಿ ತಳ್ಳಿದರೆ ಏನೂ ಅನ್ನುತ್ತಿರಲಿಲ್ಲ. ನಾನು ಕೇಳಿಯೇ ತಳ್ಳುತ್ತಿದ್ದೆ. ಹೆಚ್ಚಿನ ಸಲ ಬೇಡ ಎನ್ನುತ್ತಿದ್ದರು.

ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಇದ್ದವು. ಚಿಕ್ಕದು ಗಿರಾಕಿಗಳ ಅರ್ಜಿಗೆ. ದೊಡ್ಡದು, ಕಪ್ಪು ಕ್ಯಾಬಿನೆಟ್ಟಿನದು, ಅವರ ಆಟಕ್ಕೆ. ಮಧ್ಯಾಹ್ನ ಕೋರ್ಟಿನ ಊಟದ ವಿರಾಮ ಮುಗಿದು ಜನ ಒಳಗೆ ಹೋದಮೇಲೆ ನಮ್ಮ ಬೀದಿ ಒಂದು ಗಂಟೆ ಖಾಲಿ. ಆಗ ಅದು ಆನ್ ಆಗುತ್ತಿತ್ತು.

ಗುಂಡು ಹೊಡೆಯುವ ಆಟವಲ್ಲ. ಪಾರ್ಕ್ ಕಟ್ಟುವ ಆಟ. ಆಟ ನಮಗೊಂದು ಖಾಲಿ ಬಯಲು ಕೊಡುತ್ತದೆ. ಅದರಲ್ಲಿ ದಾರಿ ಮಾಡಬೇಕು, ಮರ ನೆಡಬೇಕು, ತಿರುಗುವ ತೊಟ್ಟಿಲು, ತಲೆಕೆಳಗಾಗಿ ಓಡುವ ರೈಲು, ತಿಂಡಿ ಅಂಗಡಿ, ಕಕ್ಕಸು, ಬೆಂಚು ಎಲ್ಲ ಇಡಬೇಕು. ಬಾಗಿಲು ತೆರೆದರೆ ಸಾವಿರಾರು ಪುಟ್ಟ ಜನ ಒಳಗೆ ಬರುತ್ತಾರೆ. ಯಾರ ಮೇಲಾದರೂ ಒತ್ತಿದರೆ ಅವರ ಮನಸ್ಸಿನಲ್ಲಿ ಏನಿದೆ ಎಂದು ತೋರಿಸುತ್ತದೆ: ಹಸಿವು, ಬಾಯಾರಿಕೆ, ಬೇಜಾರು, ಖುಷಿ. ಅಣ್ಣ ಒಬ್ಬೊಬ್ಬರನ್ನೇ ಒತ್ತಿ ಓದುತ್ತಿದ್ದರು. ಕಸ ಎಸೆದವರನ್ನು ತೆಲುಗಿನಲ್ಲಿ ಬೈಯುತ್ತಿದ್ದರು.

"ಯಾಕಣ್ಣ, ತೆಲುಗಲ್ಲೇ ಬೈತೀರಾ?" ಎಂದು ಒಮ್ಮೆ ಕೇಳಿದೆ.

"ಕನ್ನಡದಾಗ್ ಬೈದ್ರೆ ಇಲ್ಲಿ ನಿಂತಿರೋ ಗಿರಾಕಿ ತನಗೇ ಅಂದ್ಕೊತಾನೆ ಕಣಮ್ಮ."

"ಗಿರಾಕಿ ಪಾವಗಡದೋರಾದ್ರೆ?"

"ಪಾವಗಡದೋರಾದ್ರೆ ಅಷ್ಟಕ್ಕೆಲ್ಲ ಬೇಜಾರ್ ಮಾಡ್ಕಣಲ್ಲ."

ನಿಜವಾದ ಪಾರ್ಕಿಗೆ ಅವರು ಹೋಗಿದ್ದು ಒಂದೇ ಸಲ. ಅಕ್ಕನ ಮಕ್ಕಳ ಜೊತೆ, ಬೆಂಗಳೂರಿನ ಕಡೆ ಎಲ್ಲೋ. ಆ ಕತೆಯನ್ನು ನಗುನಗುತ್ತಲೇ ಹೇಳುತ್ತಿದ್ದರು. ಪ್ರತಿ ಆಟದ ಬಾಗಿಲಲ್ಲೂ ಒಬ್ಬ ಸಿಬ್ಬಂದಿ ಬಂದು, ಬಹಳ ಮರ್ಯಾದೆಯಿಂದ, "ಸರ್, ನೀವು ಇಲ್ಲೇ ನೆರಳಲ್ಲಿ ಕೂತಿರಿ," ಎನ್ನುತ್ತಿದ್ದನಂತೆ. ಮನೆಯವರೆಲ್ಲ ಚಪ್ಪಲಿ, ಬ್ಯಾಗು, ಮೊಬೈಲು ಇವರ ತೊಡೆಯ ಮೇಲಿಟ್ಟು ಹೋಗುತ್ತಿದ್ದರಂತೆ. "ಬೆಳಗ್ಗೆಯಿಂದ ಸಂಜೆ ತಂಕ ಚಪ್ಲಿ ಸ್ಟ್ಯಾಂಡ್ ಆಗಿದ್ದೆ. ಒಂದೇ ಸಮಾಧಾನ ಅಂದ್ರೆ ಒಂದು ಜೊತೇನೂ ಕಳೀಲಿಲ್ಲ." ಹೀಗೆಂದು ತಾವೇ ಮೊದಲು ನಗುತ್ತಿದ್ದರು. ನಾನು ಕೇಳಿದ ಐದು ಸಲವೂ ಈ ಮಾತಿಗೇ ಕತೆ ನಿಲ್ಲುತ್ತಿತ್ತು.

ಅವರ ಪಾರ್ಕಿನ ನಡುವೆ ಒಂದು ಬೆಟ್ಟವಿತ್ತು. ಮರ ಇಲ್ಲ, ಹುಲ್ಲಿಲ್ಲ, ಬೋಳು ಬಂಡೆ. ಅದು ಯಾವ ಬೆಟ್ಟ ಎಂದು ನಮ್ಮೂರಿನವರು ಯಾರೂ ಕೇಳಬೇಕಾಗಿರಲಿಲ್ಲ. ಕೌಂಟರಿನಲ್ಲಿ ಕೂತು ತಲೆ ಎತ್ತಿದರೆ ಎದುರಿನ ಕಟ್ಟಡದ ನೀರಿನ ಟ್ಯಾಂಕಿನ ಮೇಲಿನಿಂದ ಅದು ಕಾಣುತ್ತಿತ್ತು. ಅದನ್ನು ನೋಡಿ ನೋಡಿಯೇ ಅವರು ಬಂಡೆಯ ಮಡಿಕೆ, ಕೋಟೆಯ ಗೋಡೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಎಬ್ಬಿಸಿದ್ದರು. ಒಂದೇ ವ್ಯತ್ಯಾಸ. ನಮ್ಮ ಬೆಟ್ಟಕ್ಕೆ ಬಂಡೆಯಲ್ಲೇ ಕೊರೆದ ಮೆಟ್ಟಿಲುಗಳಿವೆ. ಅವರ ಬೆಟ್ಟಕ್ಕೆ ಒಂದೂ ಇರಲಿಲ್ಲ. ಏಳು ತಿರುವಿನ ಅಗಲವಾದ ದಾರಿ, ಬೆಟ್ಟವನ್ನು ಸುತ್ತಿಕೊಂಡು ನಿಧಾನವಾಗಿ ಮೇಲಕ್ಕೆ ಹೋಗುತ್ತಿತ್ತು.

ಯಾಕೆ ಮೆಟ್ಟಿಲಿಲ್ಲ ಎಂದರೆ, "ಐಸ್‌ಕ್ರೀಮ್ ಗಾಡಿ ಹೆಂಗಮ್ಮ ಹತ್ತಬೇಕು?" ಎಂದರು. ಆ ಪಾರ್ಕಿನಲ್ಲಿ ಐಸ್‌ಕ್ರೀಮ್ ಗಾಡಿ ಇರಲಿಲ್ಲ.

ಬೆಟ್ಟಕ್ಕೆ ಹೋಗಿ ಬಂದವರನ್ನು ಅವರು ಬಿಡುತ್ತಿರಲಿಲ್ಲ. ಜೆರಾಕ್ಸಿಗೆ ಬಂದ ಕಾಲೇಜಿನ ಹುಡುಗರ ಬೂಟಿನ ದೂಳು ನೋಡಿಯೇ ಗುರುತು ಹಿಡಿಯುತ್ತಿದ್ದರು. ಮೇಲೆ ಗಾಳಿ ಯಾವ ಕಡೆಯಿಂದ ಬರುತ್ತದೆ, ಕೂತರೆ ಬಂಡೆ ಸುಡುತ್ತದಾ, ಕೆಳಗೆ ಬಸ್‌ಸ್ಟ್ಯಾಂಡ್ ಎಷ್ಟು ದೊಡ್ಡದಾಗಿ ಕಾಣುತ್ತದೆ. ಕೇಳಿದ್ದನ್ನು ಪಾರ್ಕಿನಲ್ಲಿ ತಿದ್ದುತ್ತಿದ್ದರು. ಹಾಗೆಂದು ನಿಮಗೂ ಹೋಗಬೇಕು ಅನ್ನಿಸುತ್ತದಾ ಎಂದು ಯಾರಾದರೂ ಕೇಳಿದರೆ ಮುಖ ಸಿಂಡರಿಸಿ, "ಮೇಲೇನೈತೆ? ಹೋದೋರೆಲ್ಲ ಬಂದು ಕಾಲ್ನೋವು ಅಂತಾರೆ. ನನಗೆ ಆ ನೋವಾದ್ರೂ ಇಲ್ಲ ಬುಡು," ಎನ್ನುತ್ತಿದ್ದರು.

ಕಳೆದ ವರ್ಷ ಜುಲೈನಲ್ಲಿ ಒಂದು ಮಧ್ಯಾಹ್ನ ಗೋಡೆಗೆ ಟಕಟಕ ಎಂದು ಬಡಿದರು. ಹೋದೆ. ಆಟಕ್ಕೆ ಹೊಸ ಪ್ಯಾಕು ಬರುತ್ತದಂತೆ. ಒಂದು ಆಟ ಬಂದ ಮೇಲೆ ಅದನ್ನು ತಯಾರಿಸಿದವರೇ ಅದಕ್ಕೆ ಇನ್ನಷ್ಟು ಸೇರಿಸಿ ಮಾರುವುದಕ್ಕೆ ಎಕ್ಸ್‌ಪ್ಯಾನ್ಷನ್ ಪ್ಯಾಕ್ ಎನ್ನುತ್ತಾರೆ. ಅದರ ಜಾಹೀರಾತಿನ ವಿಡಿಯೋ ಹಾಕಿದರು. ಹೊಸ ರೈಲು, ದೀಪದ ಸಾಲು, ಪಟಾಕಿ. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

"ನಿಲ್ಲು, ನಿಲ್ಲು," ಎಂದು ಅವರು ವಿಡಿಯೋ ನಿಲ್ಲಿಸಿದರು. ಪರದೆಯ ಎಡಮೂಲೆಗೆ ಬೆರಳಿಟ್ಟರು. "ಇಲ್ಲಿ ನೋಡು."

ಜನರ ಗುಂಪಿನ ಅಂಚಿನಲ್ಲಿ ಒಂದು ಗಾಲಿಕುರ್ಚಿ. ಅದರಲ್ಲಿ ಒಬ್ಬರು ಕೂತಿದ್ದರು. ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಗುವ ಚಿತ್ರ.

"ಈ ಪ್ಯಾಕಲ್ಲಿ ನಮ್ಮೋರೂ ಬತ್ತಾರೆ," ಎಂದರು. ಆಮೇಲೆ ಬಾಚಣಿಗೆ ತೆಗೆದು ತಲೆ ಬಾಚಿಕೊಂಡರು. ಮನೆಗೆ ನೆಂಟರು ಬರುತ್ತಾರೆ ಎಂದು ಗೊತ್ತಾದವರ ಹಾಗೆ.

ಪ್ಯಾಕು ಬಂದದ್ದು ಆಗಸ್ಟ್ ಕೊನೆಯಲ್ಲಿ. ಅದನ್ನು ಇಳಿಸಿಕೊಳ್ಳಲು ಎರಡು ದಿನ ಹಿಡಿಯಿತು. ನೆಟ್ಟಿನದೇನೂ ತಪ್ಪಲ್ಲ. ಡೌನ್‌ಲೋಡ್ ಓಡುತ್ತಿದ್ದರೆ ಚಿಕ್ಕ ಕಂಪ್ಯೂಟರಿನಲ್ಲಿ ಅರ್ಜಿ ಪುಟ ತೆರೆಯುವುದು ನಿಧಾನವಾಗುತ್ತಿತ್ತು. ಆದ್ದರಿಂದ ಗಿರಾಕಿ ಇಳಿಜಾರಿನ ಮೇಲೆ ಕಾಲಿಟ್ಟ ಕೂಡಲೇ ಅವರು ಅದನ್ನು ನಿಲ್ಲಿಸುತ್ತಿದ್ದರು, ಗಿರಾಕಿ ಇಳಿದ ಮೇಲೆ ಮತ್ತೆ ಬಿಡುತ್ತಿದ್ದರು. ಆ ಎರಡು ದಿನ ಯಾಕೋ ಇಡೀ ತಾಲ್ಲೂಕಿಗೆ ಆದಾಯ ಪ್ರಮಾಣಪತ್ರ ಬೇಕಾಗಿತ್ತು.

ಎರಡನೆಯ ದಿನ ಮಧ್ಯಾಹ್ನ ಮೂರಕ್ಕೆ ಪಾರ್ಕಿನ ಬಾಗಿಲು ತೆರೆದರು. ನಾನಿದ್ದೆ. ಶಿರಾದ ಮುನೀರಣ್ಣ ಇದ್ದರು. ಮುನೀರಣ್ಣ ಪ್ರಿಂಟರಿನ ಕಾರ್ಟ್ರಿಡ್ಜಿಗೆ ಪುಡಿ ತುಂಬುವವರು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕೂ ಕಡೆ ಜೆರಾಕ್ಸ್ ಅಂಗಡಿಗಳಿಗೆ ಅವರೇ ಹೋಗಬೇಕು. ಬೆರಳ ತುದಿ ಸದಾ ಕಪ್ಪು. ಅಣ್ಣನನ್ನು ಭಾಯ್ ಎನ್ನುತ್ತಿದ್ದರು. ಪುಡಿ ತುಂಬುವುದನ್ನು ಬಿಟ್ಟು ಅವರೂ ಬಗ್ಗಿ ನೋಡುತ್ತಿದ್ದರು.

ಸುಮಾರು ಹೊತ್ತಿನ ಮೇಲೆ ಬಂದಳು. ಕೆಂಪು ಅಂಗಿಯ ಹೆಂಗಸು, ಗಾಲಿಕುರ್ಚಿಯಲ್ಲಿ, ಒಬ್ಬಳೇ. ಅಣ್ಣ ಮೌಸ್ ಬಿಟ್ಟು ಕೈಕಟ್ಟಿ ಕೂತರು. ಆಕೆ ಬಾಗಿಲು ದಾಟಿದಳು. ಬೆಟ್ಟದ ಬುಡಕ್ಕೆ ಬಂದಳು. ಅಲ್ಲಿ ಅಣ್ಣ ತಿಂಡಿ ಅಂಗಡಿಗಳ ಸಾಲನ್ನೇ ಇಟ್ಟಿದ್ದರು. ಆಟದವರು ಅವುಗಳಿಗೆ ಏನೇನೋ ಹೆಸರು ಕೊಟ್ಟಿದ್ದರೂ ನಮಗೆ ಅದೊಂದು ಬಜ್ಜಿ ಅಂಗಡಿ, ಇದೊಂದು ಮಜ್ಜಿಗೆ ಅಂಗಡಿ. ಆಕೆ ಬಜ್ಜಿ ತಗೊಂಡಳು. ತಿಂದಳು. ಮಜ್ಜಿಗೆ ಕುಡಿದಳು. ಕಕ್ಕಸಿಗೆ ಹೋಗಿಬಂದಳು. ಬಂದ ದಾರಿಯಲ್ಲೇ ತಿರುಗಿ ಮನೆಗೆ ಹೊರಟಳು.

ನಾನು ಅಣ್ಣನ ಮುಖ ನೋಡಿದೆ. ಅವರು ಮೌಸ್ ಹಿಡಿದು, ಆಕೆ ಬಾಗಿಲು ದಾಟುವ ಮೊದಲು ಆಕೆಯ ಮೇಲೆ ಒಮ್ಮೆ ಒತ್ತಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಹೋದ್ಲು ಕಣ್ರೋ! ಅವಳಿಗೋಸ್ಕರ ಬೆಟ್ಟ ಕಡ್ದಿದೀನಿ, ಆಯಮ್ಮ ಬಜ್ಜಿ ತಿಂದು ಹೋದ್ಲು!"

"ಬೇಜಾರಾಯ್ತಾ ಅಣ್ಣ?"

"ಯಾಕ್ ಬೇಜಾರು? ಎಲ್ಲರಂಗೇ ಬಂದ್ಲು, ಎಲ್ಲರಂಗೇ ಹೋದ್ಲು. ಅವಳ ಮನ್ಸಲ್ಲಿ ಏನೈತೆ ಅಂತ ಒತ್ತಿ ನೋಡ್ದೆ. ಖುಷಿ ಅಂತ ಇತ್ತು." ನಗು ನಿಂತ ಮೇಲೆ ಪರದೆ ನೋಡುತ್ತಾ ಮೆತ್ತಗೆ ಸೇರಿಸಿದರು: "ಆದ್ರೂ ಒಬ್ರು ಹತ್ತಬೇಕಮ್ಮ. ಒಬ್ರಾದ್ರೂ ಮೇಲ್ ಹೋಗಿ ನಿಂತ್ಕಂಡು ಕೆಳಗ್ ನೋಡಬೇಕು. ನಾನ್ ನೋಡಬೇಕು ಅದನ್ನ."

ಅವರು ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಲ್ಲಿಂದ ಹತ್ತು ವಾರ ಪ್ರತಿ ಮಧ್ಯಾಹ್ನ ಆ ಪಾರ್ಕು ತೆರೆಯುತ್ತಿತ್ತು. ಗಾಲಿಕುರ್ಚಿಯವರು ಬರುತ್ತಿದ್ದರು, ಬೆಟ್ಟದ ಬುಡದಲ್ಲೇ ತಿರುಗಿ ಹೋಗುತ್ತಿದ್ದರು. ಅಣ್ಣ ದಾರಿಯನ್ನು ಇನ್ನೂ ಉದ್ದ ಮಾಡಿ ಏರು ಕಡಿಮೆ ಮಾಡಿದರು. ತಿರುವಿಗೊಂದು ನೆರಳು ಹಾಕಿದರು. ಪಕ್ಕಕ್ಕೆ ಸರಳು ಹಾಕಿದರು, ಹೂಗಿಡ ಇಟ್ಟರು. ಯಾರೂ ಹತ್ತಲಿಲ್ಲ. ಎಲ್ಲರೂ ಖುಷಿಯಾಗಿಯೇ ಹೋಗುತ್ತಿದ್ದರು. ತಪ್ಪು ಎಲ್ಲಿದೆ ಎಂದು ನಮಗೆ ತಿಳಿಯಲಿಲ್ಲ.

ಹಿಡಿದದ್ದು ಮುನೀರಣ್ಣ. ನವೆಂಬರಿನಲ್ಲಿ ಒಂದು ದಿನ ಬಂದವರು ಕಪ್ಪು ಬೆರಳನ್ನು ಪರದೆಯಿಂದ ಒಂದು ಗೇಣು ದೂರ ಹಿಡಿದು ಹೇಳಿದರು: "ಭಾಯ್, ನೀವ್ ಎಲ್ಲರ್ಗೂ ಊಟ ಬಾಗ್ಲಲ್ಲೇ ಹಾಕ್ತಾ ಇದೀರಾ."

"ಹಸ್ಕಂಡ್ ಬಂದೋರಿಗೆ ಮೊದ್ಲು ಊಟ ಹಾಕ್ದೆ ಬೆಟ್ಟ ಹತ್ತಿಸ್ತಾರೇನ್ರಿ?"

"ಅದೇ ಗಲ್ತಿ! ಶಾದಿಯಲ್ಲಿ ನೋಡಿಲ್ವಾ? ಊಟ ಆದ್ಮೇಲೆ ಒಬ್ಬ ನಿಲ್ತಾನಾ? ಎಲೆ ಅಡಿಕೆ ಬಾಯ್ಗ್ ಹಾಕ್ಕಂಡು ಚಪ್ಪಲಿ ಹುಡುಕ್ತಾನೆ. ನಮ್ಮಲ್ಲೂ ಅಷ್ಟೇ, ಬಿರಿಯಾನಿ ಮುಗೀತು ಅಂದ್ರೆ ಹಾಲ್ ಖಾಲಿ. ಊಟ ಮೇಲೆ ಇಡಿ ಭಾಯ್. ಹಸಿವೇ ಕರ್ಕಂಡ್ ಹೋಗ್ತದೆ."

ಅಣ್ಣ ಅವರನ್ನೇ ನೋಡಿದರು. "ಹಸ್ದೋರ್ನ ಬೆಟ್ಟ ಹತ್ತಿಸೋ ಪಾಪ ನಿಮ್ಮ ತಲೆ ಮೇಲೆ ಮುನೀರಣ್ಣ."

"ಹಾಕ್ರಿ. ಇರೋದ್ರ ಜೊತೆ ಇನ್ನೊಂದು."

ಆದರೂ ಅವರಿಗೆ ಮನಸ್ಸು ಬರಲು ಎರಡು ದಿನ ಬೇಕಾಯಿತು. ಬಜ್ಜಿ ಅಂಗಡಿಯನ್ನೆಲ್ಲ ತುದಿಗೆ ಸಾಗಿಸಿದರು. ಮಜ್ಜಿಗೆಯನ್ನು ಮಾತ್ರ ಬುಡದಲ್ಲೇ ಬಿಟ್ಟರು. ಬಾಯಾರಿದವರನ್ನು ಕಾಯಿಸುವುದು ತಮ್ಮಿಂದ ಆಗುವುದಿಲ್ಲ, ಮುನೀರಣ್ಣ ಏನು ಬೇಕಾದರೂ ಅಂದುಕೊಳ್ಳಲಿ ಎಂದರು.

ಡಿಸೆಂಬರ್ ಮೊದಲ ವಾರ, ಶುಕ್ರವಾರ, ಸಂಜೆ ನಾಲ್ಕು ಗಂಟೆಗೆ ಗೋಡೆ ಟಕಟಕ ಎಂದಿತು. ನಾನು ಓಡಿದೆ. ಒಳಗೆ ಆಗಲೇ ನಾಲ್ಕೈದು ಜನ ನಿಂತಿದ್ದರು. ಪಹಣಿ ಜೆರಾಕ್ಸಿಗೆ ಬಂದಿದ್ದ ಒಬ್ಬ ಯಜಮಾನರು, ಒಬ್ಬ ವಕೀಲರ ಗುಮಾಸ್ತ, ಟೀ ಲೋಟ ಒಯ್ಯಲು ಬಂದ ಗೌರಮ್ಮ. ಪರದೆಯ ಮೇಲೆ ಹಸಿರು ಟೋಪಿಯ ಮುದುಕ ಗಾಲಿಕುರ್ಚಿಯಲ್ಲಿ ಮೊದಲನೆಯ ತಿರುವು ದಾಟುತ್ತಿದ್ದ.

"ತಳ್ಳೋರು ಯಾರೂ ಇಲ್ವೇನ್ಲಾ ಪಾಪ?" ಎಂದರು ಯಜಮಾನರು.

"ತಳ್ಳೋರು ಯಾಕ್ ಬೇಕು? ಅವ್ನೇ ಉರುಳಿಸ್ಕಂಡು ಹೋಯ್ತಾವ್ನೆ ನೋಡಿ," ಎಂದರು ಅಣ್ಣ. ಕಣ್ಣು ಪರದೆಯಿಂದ ಕೀಳಲಿಲ್ಲ.

"ಎರಡ್ನೇ ತಿರುವು," ಎಂದ ಗುಮಾಸ್ತ. "ಇವ್ನು ಹತ್ತಲ್ಲ ಬುಡಿ ಅಣ್ಣ, ತಿರುಗ್ಕಂತಾನೆ."

"ನಿನ್ ಬಾಯಿಗೆ ಮಣ್ ಹಾಕ," ಎಂದರು ಗೌರಮ್ಮ. "ಹತ್ತಪ್ಪ ನೀನು, ಹತ್ತು. ಮ್ಯಾಲೆ ಬಿಸಿ ಬಜ್ಜಿ ಐತೆ."

ಮೂರನೆಯ ತಿರುವಿನ ನೆರಳಿನಲ್ಲಿ ಮುದುಕ ನಿಂತ. ಮತ್ತೆ ಹೊರಟ. ನಾಲ್ಕು. ಅಣ್ಣನ ಎರಡೂ ಕೈಗಳು ತಮ್ಮ ಕುರ್ಚಿಯ ಚಕ್ರದ ಮೇಲಿದ್ದವು. ಅವನು ತಿರುವಿನಲ್ಲಿ ಹೊರಳಿದಾಗೆಲ್ಲ ಇವರ ಕೈಗಳೂ ಒಂದಿಷ್ಟು ಹೊರಳುತ್ತಿದ್ದವು.

ಐದನೆಯ ತಿರುವಿನಲ್ಲಿ ಕರೆಂಟ್ ಹೋಯಿತು.

ಫ್ಯಾನು ನಿಂತಿತು. ಯುಪಿಎಸ್ ಕೂಗತೊಡಗಿತು. ಪರದೆಯ ಮೇಲೆ ಮುದುಕ ಇನ್ನೂ ಹೋಗುತ್ತಿದ್ದ. ಅದೇ ಹೊತ್ತಿಗೆ ಇಳಿಜಾರಿನ ಮೇಲೆ ಯಾರೋ ಓಡಿ ಬಂದ ಸದ್ದು. ಕೊರಟಗೆರೆ ಕಡೆಯ ಒಬ್ಬ ಹುಡುಗಿ. ಕೈಯಲ್ಲಿ ಅಂಕಪಟ್ಟಿ, ಕಣ್ಣಲ್ಲಿ ನೀರು. ನರ್ಸಿಂಗ್ ಸೀಟಿನ ಅರ್ಜಿ, ಇವತ್ತೇ ಕೊನೆ, ಐದಕ್ಕೆ ಮುಚ್ಚುತ್ತದೆ. ಬಸ್ಸು ಕೆಟ್ಟು ತಡವಾಯಿತು. ಬೀದಿಯಲ್ಲಿ ಬೇರೆಲ್ಲೂ ಕಂಪ್ಯೂಟರ್ ಆನ್ ಇಲ್ಲ.

ಅಂಗಡಿಗೆ ಇದ್ದದ್ದು ಒಂದೇ ಯುಪಿಎಸ್. ದೊಡ್ಡ ಕಂಪ್ಯೂಟರಿನಲ್ಲಿ ಆಟ ಓಡುತ್ತಿದ್ದರೆ ಅದು ಮೂರ್ನಾಲ್ಕು ನಿಮಿಷವೂ ತಡೆಯುತ್ತಿರಲಿಲ್ಲ. ದೊಡ್ಡದನ್ನು ಆರಿಸಿದರೆ ಚಿಕ್ಕದೂ ನೆಟ್ಟೂ ಸೇರಿ ಅರ್ಧ ಗಂಟೆ ಬರುತ್ತಿತ್ತು. ಮುದುಕನಿಗೆ ಇನ್ನು ಎರಡೇ ತಿರುವು ಬಾಕಿ.

"ಒಂದ್ ನಿಮಿಷ ತಡಿಯಮ್ಮ," ಎಂದ ಗುಮಾಸ್ತ ಆ ಹುಡುಗಿಗೆ. "ಆಯ್ತು ಈಗ, ಮೇಲ್ ಹೋಗ್ಬುಟ್ಟ."

ಅಣ್ಣ ಆಗಲೇ ಬಗ್ಗಿ ದೊಡ್ಡ ಕಂಪ್ಯೂಟರಿನ ಗುಂಡಿ ಒತ್ತಿ ಹಿಡಿದಿದ್ದರು. ಪರದೆ ಕಪ್ಪಾಯಿತು. ಕುರ್ಚಿಯನ್ನು ಚಿಕ್ಕದರ ಕಡೆ ತಿರುಗಿಸಿಕೊಂಡರು.

"ಬಾರಮ್ಮ, ಕೂತ್ಕ. ಅಳಬೇಡ, ಟೈಮೈತೆ. ಹೆಸ್ರು ಅಂಕಪಟ್ಟೀಲಿ ಇರೋ ಹಂಗೇ ಹೇಳು. ಅಪ್ಪನ ಹೆಸ್ರು?"

ನಾಲ್ಕು ಗಂಟೆ ನಲವತ್ತೆಂಟು ನಿಮಿಷಕ್ಕೆ ಅರ್ಜಿ ಸೇರಿತು. ಹುಡುಗಿ ನೀರು ಕುಡಿದು ಹೋದಳು. ಬೇರೆಯವರೂ ಒಬ್ಬೊಬ್ಬರಾಗಿ ಹೋದರು. ಕತ್ತಲಾಗತೊಡಗಿದ್ದ ಅಂಗಡಿಯಲ್ಲಿ ನಾವಿಬ್ಬರೇ ಉಳಿದೆವು.

"ಎಷ್ಟನೇ ತಿರುವಲ್ಲಿದ್ದ?" ಎಂದು ಕೇಳಿದರು.

"ಐದಣ್ಣ. ದಾಟಿದ್ದ."

"ದಾಟಿದ್ನಾ? ನಾನು ಸರಿಯಾಗಿ ನೋಡ್ಲಿಲ್ಲ." ಆಮೇಲೆ, "ಇರ್ಲಿ ಬುಡು. ದಾರಿ ಸರಿಯೈತೆ ಅಂತ ಗೊತ್ತಾಯ್ತಲ್ಲ. ಅವನಲ್ದಿದ್ರೆ ಇನ್ನೊಬ್ಬ ಬತ್ತಾನೆ. ಸೋಮವಾರ ನೋಡಣ."

ಮರುದಿನ ಶನಿವಾರ ಅವರಿಗೆ ಚಳಿಜ್ವರ ಬಂತು. ಭಾನುವಾರ ಅಕ್ಕನ ಗಂಡ ಬಂದು ತುಮಕೂರಿನ ಆಸ್ಪತ್ರೆಗೆ ಸೇರಿಸಿದರು. ಮೂತ್ರದ ಸೋಂಕು ರಕ್ತಕ್ಕೆ ಏರಿದೆ ಎಂದರಂತೆ. ನಾನೂ ಮುನೀರಣ್ಣನೂ ಬುಧವಾರ ನೋಡಲು ಹೋದೆವು. ಮಲಗಿದ್ದರು, ಸೊರಗಿದ್ದರು. ಆದರೆ ತಲೆ ಬಾಚಿತ್ತು. ಮಂಚದ ಪಕ್ಕದ ಕುರ್ಚಿ ನೋಡಿ ಮುನೀರಣ್ಣ, "ಭಾಯ್, ಅಂಗಡಿ ಬೀಗದ ಕೈ ಕೊಡಿ. ಪಾರ್ಕ್ ತೆಗೆದು ಯಾರಾದ್ರೂ ಹತ್ತಿದ್ರೆ ವಿಡಿಯೋ ಮಾಡಿ ಕಳಿಸ್ತೀನಿ," ಎಂದರು.

"ಬೇಡ," ಎಂದರು. "ನಾನಿಲ್ದೆ ತೆಗೀಬೇಡಿ. ನಾನ್ ಬರೋ ತಂಕ ಪಾರ್ಕ್ ಬಂದ್." ನನ್ನ ಕಡೆ ತಿರುಗಿ, "ಬರ್ಕೊಳ್ಳಿ ಡೈರಿ ಮೇಡಂ, ಬಂದ್ ಅಂತ," ಎಂದು ನಕ್ಕರು. ನಾನು ಬರೆದುಕೊಂಡೆ.

ಮುಂದಿನ ಮಂಗಳವಾರ ಬೆಳಗ್ಗೆ ಅವರು ಹೋದರು. ಮಣ್ಣು ಮಾಡಿದ್ದು ಅವರ ಊರಲ್ಲಿ. ನಮ್ಮ ಸಾಲಿನ ಎಲ್ಲ ಅಂಗಡಿಗಳೂ ಅವತ್ತು ಮುಚ್ಚಿದ್ದವು. ಆ ಊರಿನಲ್ಲಿ ನಾನು ಮೊದಲ ಸಲ ಅವರ ಬಗ್ಗೆ ತೆಲುಗಿನಲ್ಲಿ ಒಳ್ಳೆಯ ಮಾತು ಕೇಳಿದೆ. ಅಲ್ಲಿಯ ತನಕ ನನಗೆ ಗೊತ್ತಿದ್ದ ತೆಲುಗೆಲ್ಲ ಅವರು ಕಸ ಎಸೆಯುವವರನ್ನು ಬೈಯುತ್ತಿದ್ದದ್ದೇ.

ಅಂಗಡಿಯನ್ನು ಮಾಲೀಕರಿಗೆ ಬಿಟ್ಟುಕೊಡಬೇಕಿತ್ತು. ಜನವರಿಯಲ್ಲಿ ಅಕ್ಕನ ಗಂಡ ಬಂದು ಸಾಮಾನು ಖಾಲಿ ಮಾಡಿಸಿದರು. ನಾನು ಆ ವಾರ ಚಿಕ್ಕಮ್ಮನ ಬಾಣಂತನಕ್ಕೆಂದು ಊರಲ್ಲಿರಲಿಲ್ಲ. ಬಂದು ವಿಚಾರಿಸುವಷ್ಟರಲ್ಲಿ ಎರಡು ಕಂಪ್ಯೂಟರೂ ಶಿರಾದ ಒಂದು ಹಳೆ ಸಾಮಾನಿನ ಅಂಗಡಿಗೆ ಹೋಗಿದ್ದವು. ಪಾಪ, ಅವರಿಗೆ ಅದರಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅಕ್ಕ ಫೋನ್ ಮಾಡಿ, "ಬೆಟ್ಟ ಮಾಡಿದ್ನೇನಮ್ಮ? ನಮ್ಮ ಹತ್ರ ಒಂದು ದಿನಾನೂ ಹೇಳಲಿಲ್ವೇ," ಎಂದರು. "ಸಿಕ್ಕಿದ್ರೆ ನನಗೂ ತೋರ್ಸು. ಅವನು ಮಾಡಿದ್ದನ್ನ ನಾನು ನೋಡಬೇಕು."

ಮುನೀರಣ್ಣ ಶಿರಾದ ಆ ಅಂಗಡಿಗೆ ಮೂರು ಸಲ ಹೋಗಿಬಂದರು. ಚಿಕ್ಕ ಕಂಪ್ಯೂಟರ್ ಅಲ್ಲೇ ಇತ್ತು. ದೊಡ್ಡದನ್ನು ಯಾರೋ ಪಾವಗಡ ಕಡೆಯವರು ಮಕ್ಕಳಿಗೆಂದು ಕೊಂಡು ಹೋಗಿದ್ದಾರೆ. ಗಂಡ, ಹೆಂಡತಿ, ಒಂದು ಪುಟ್ಟ 'ಲಗೇಜ್' ಆಟೊ. ಅಂಗಡಿಯವರಿಗೆ ನೆನಪಿರುವುದು ಅಷ್ಟೇ. ಪಾವಗಡದಲ್ಲಿ ನಮಗೆ ಗೊತ್ತಿರುವ ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಕೇಳಿದ್ದೇವೆ.

ಆಟವನ್ನು ನಾನೇ ಬೇರೆ ಕಂಪ್ಯೂಟರಿಗೆ ಹಾಕಿಕೊಳ್ಳಬಹುದು, ಪ್ಯಾಕನ್ನೂ ಹಾಕಿಕೊಳ್ಳಬಹುದು. ಆ ಬೆಟ್ಟ ಮಾತ್ರ ಬೇರೆಲ್ಲೂ ಇಲ್ಲ.

ಆದ್ದರಿಂದ ಇದನ್ನು ಓದುತ್ತಿರುವ ಪಾವಗಡ ಕಡೆಯವರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಾಗಲಿ ನೆಂಟರ ಮನೆಯಲ್ಲಾಗಲಿ, ಶಿರಾದಿಂದ ಈ ಜನವರಿಯಲ್ಲಿ ತಂದ ಕಪ್ಪು ಕಂಪ್ಯೂಟರ್ ಇದ್ದರೆ, ಅದರ ಎಡಮಗ್ಗುಲ ಮುಚ್ಚಳಕ್ಕೆ ಸ್ಕ್ರೂ ಬದಲು ತಾಮ್ರದ ತಂತಿ ಕಟ್ಟಿದ್ದರೆ, ದಯವಿಟ್ಟು ಅದರಲ್ಲಿರುವುದನ್ನು ಅಳಿಸಬೇಡಿ. ಕಂಪ್ಯೂಟರ್ ನಿಮ್ಮದೇ, ವಾಪಸ್ ಕೇಳುವುದಿಲ್ಲ. ಮಕ್ಕಳಿಗೆ ಹೇಳಿದರೆ ಆಟ ತೆರೆಯುತ್ತಾರೆ. ಬೋಳು ಬೆಟ್ಟವಿರುವ ಪಾರ್ಕು ಒಂದೇ ಇದೆ. ಅದರ ಬಾಗಿಲು ತೆರೆದು ಒಂದಿಷ್ಟು ಹೊತ್ತು ನೋಡಿ. ಈ ಪತ್ರಿಕೆಯ ವಿಳಾಸಕ್ಕೆ ಬರೆದರೆ ನನಗೆ ತಲುಪುತ್ತದೆ. ಅಕ್ಕನನ್ನೂ ಮುನೀರಣ್ಣನನ್ನೂ ಕರೆದುಕೊಂಡು ನಾನೇ ಬರುತ್ತೇನೆ. ಅಷ್ಟರೊಳಗೆ ಗಾಲಿಕುರ್ಚಿಯವರು ಯಾರಾದರೂ ಏಳನೆಯ ತಿರುವು ದಾಟಿ ತುದಿಗೆ ಹೋದರೆ, ಎಷ್ಟು ಹೊತ್ತಿಗೆ ತಲುಪಿದರು, ಎಷ್ಟು ಹೊತ್ತು ಅಲ್ಲಿದ್ದರು ಎಂದು ಬರೆದಿಟ್ಟುಕೊಳ್ಳಿ. ಅವರ ಮೇಲೆ ಒಮ್ಮೆ ಒತ್ತಿ, ಮನಸ್ಸಿನಲ್ಲಿ ಏನಿತ್ತು ಎನ್ನುವುದನ್ನೂ ತಿಳಿಸಿ.